ಅಕ್ಕಿಹೊಂಡದಾಗ ಹವಳ

ಮನಿ ಬಾಡಿಗಿ ಕೊಡುವಾಗ ನೀಲವ್ವ ಹಂಚಿನಮನಿ
ಒಂದ ಮಾತು ಹೇಳಿದ್ದಳು: ಮೀನ ತರಂಗಿಲ್ಲ.
ಮೀನಲ್ಲವ್ವ, ಹವಳ, ಅಂದೆ.
ತಾಳಿಸರ ಎತ್ತಿ ಅದರಾಗಿನ ಎರಡು ಕೆಂಪು ಮಣಿ
ಹೆಬ್ಬೆರಳಿಂದ ತಿಕ್ಕಿ ನೋಡಿದಳು.
ಇದನ್ನ ನೀರಾಗ ಯಾಕ ಇಡತಿ?

ಜೀವ ಐತಿ ಅದಕ್ಕ.
ಗಿಡಾ? ಅಲ್ಲ.
ಹುಳಾ? ಅಂದ್ರ, ಹೌದು.
ಹುಳದ ಮೈಯಾಗ ಪಾಚಿ, ಪಾಚಿ ಅಡಗಿ ಮಾಡತೈತಿ,
ಹುಳ ಕಲ್ಲಿನ ಮನಿ ಕಟ್ಟತೈತಿ.
ಒಂದೀಟು ಸುಮ್ಮನಿದ್ದು
ಅಂದ್ರ ಅದರ ಮನ್ಯಾಗೂ ಬಾಡಿಗಿದಾರರು ಅದಾರನ್ನು, ಅಂದಳು.
ತಿಂಗಳಿಗೆ ಇನ್ನೂರು ಹೆಚ್ಚು ಹೇಳಿದಳು, ಕರೆಂಟಿಗೆ.

ಎಂಟು ದಿನಕ್ಕೊಮ್ಮೆ ನಳ ಬರೋ ಓಣಿ ನಮ್ಮದು,
ಹೊಂಡ ಇರೋದು ಹೆಸರಿನಾಗಷ್ಟ.
ಅಲ್ಲಿ ಇನ್ನೂರು ಲೀಟರ್ ಗಾಜಿನಾಗ ನಿಂತೈತಿ,
ಕುಡಿಯಂಗಿಲ್ಲ, ತೊಳಿಯಂಗಿಲ್ಲ.
ಮಂದಿ ಬಾಗಲದಾಗ ನಿಂತು ನೋಡಿ, ಏನೂ ಅನ್ನದ ಹೋದರು.
ಒಂದು ಕೊಡ ಶುದ್ಧ ನೀರಿಗೆ
ಮೂರು ಕೊಡ ಉಗುಳತಿತ್ತು ಫಿಲ್ಟರು.
ಮೂರನ್ನೂ ನೀಲವ್ವ ಒಯ್ದಳು, ಭಾಂಡೆ ತಿಕ್ಕಲಿಕ್ಕೆ.

ಆಮ್ಯಾಲೆ ನಲವತ್ತೆರಡು ದಿನ ಬರೇ ಕಲ್ಲು.
ಸತ್ತ ಕಲ್ಲು, ಉಪ್ಪುನೀರು, ನೀಲಿ ದೀಪ.
ಪರೀಕ್ಷಾ ನಳಿಗಿಯಾಗ ಅಮೋನಿಯಾದ ಹಸಿರು ಏರಿತು, ಇಳೀತು.
ಗಾಜಿಗೆ ಕಂದು ಲೋಳಿ ಹತ್ತಿತು, ಬಿಟ್ಟಿತು.
ಕಣ್ಣಿಗೆ ಕಾಣದ್ದು ಯಾವುದೋ
ಸಂದಿಯೊಳಗ ಸಂಸಾರ ಹೂಡಿತ್ತು.
ಎಲ್ಲೋ ನಿನ್ನ ಹವಳಾ?
ಬರತಾವ, ಅಂತಿದ್ದೆ.
ಈ ಪದ್ಯದಾಗೂ ಇನ್ನೂ ಬಂದಿಲ್ಲ ನೋಡ್ರಿ.

ನಾನು ಡಯಾಲಿಸಿಸ್ ವಾರ್ಡಿನ ಟೆಕ್ನಿಶಿಯನ್.
ಉಪ್ಪು, ನೀರು, ಪಂಪು: ನನಗ ಬರೋ ಅಕ್ಷರ ಇಷ್ಟ.
ನಾಲ್ಕನೇ ಕುರ್ಚಿಗೆ ವಾರಕ್ಕ ಮೂರು ಸಲ ದಾವಲಸಾಬ ಮಕಾನದಾರ.
ಇಪ್ಪತ್ತಾರು ವರ್ಷ ಕಾರವಾರದ ಲಾರಿ,
ಅರಬೈಲ ಘಾಟಿನ ಒಂದೊಂದು ತಿರುವೂ ಅವನ ಭುಜದಾಗ.
ಈಗ ದಿನಕ್ಕ ಮುಕ್ಕಾಲು ಲೀಟರ್ ನೀರು, ಚಹಾ ಹಿಡಿದು.
ಉಪ್ಪಿನಕಾಯಿ ಕಡೆ ನೋಡಂಗಿಲ್ಲ.
ಸೂಜಿ ಚುಚ್ಚುವಾಗ ಪ್ರತಿ ಸಲ ಕೇಳಾಂವ:
ಎಷ್ಟ ಲೀಟರ್ ಅಂದಿ? ಇನ್ನೂರು.
ಉಪ್ಪು? ಲೀಟರಿಗೆ ಮೂವತ್ತೈದು ಗ್ರಾಂ.
ಕಣ್ಣು ಮುಚ್ಚಿ ಲೆಕ್ಕ ಹಾಕಿ
ಏಳು ಕಿಲೋ! ಅಂತ ನಗತಿದ್ದ,
ಯಾರೋ ಪೋಲಿ ಜೋಕು ಹೇಳಿದಂಗ.

ಬಂತು, ಒಂದು ಸೋಮವಾರ ನಸುಕಿನಾಗ,
ಮುಂಬೈ ಬಸ್ಸಿನ ಡಿಕ್ಕಿಯೊಳಗ.
ಥರ್ಮೊಕೋಲಿನ ಡಬ್ಬಿ, ಡಬ್ಬ್ಯಾಗ ಚೀಲ, ಚೀಲದಾಗ
ಕಿರುಬೆರಳಿನಷ್ಟು ಕಂದು ಕೊಂಬಿ.
ಸಲಾಯಿನ್ ನಳಿಗಿ ಕಟ್ಟಿ
ಹನಿ ಹನಿ, ಒಂದು ತಾಸು,
ಈ ಊರ ನೀರಿನ ಪರಿಚಯ ಮಾಡಿಸಿದೆ.
ನಾಲ್ಕು ದಿನ ಮಾರಿ ತೋರಿಸಲಿಲ್ಲ.

ಐದನೇ ರಾತ್ರಿ ಕರೆಂಟ್ ಹೋತು. ಏಪ್ರಿಲ್.
ಪಂಪಿನ ಸದ್ದು ನಿಂತದ್ದಕ್ಕ ಎಚ್ಚರಾತು.
ತಂಬಿಗಿಲೆ ನೀರು ಎತ್ತಿ ಎತ್ತಿ ಸುರಿದೆ,
ಉಸಿರು ಬೆರಿಬೇಕಲ್ಲ ನೀರಿಗೆ.
ರಟ್ಟಿ ಸೋತಾಗ
ಸರಿ ಅತ್ತಾಗ, ಅಂದಳು ಹಿಂದಿಂದ ನೀಲವ್ವ.
ಚಹಾ ಆರಿಸಿದಂಗ, ಎತ್ತರದಿಂದ, ಒಂದು ಹನಿ ಹೊರಗ ಚೆಲ್ಲದ
ಸುರಿದಳು, ಮೂರೂವರಿ ತನಕ.
ಮೊದಲು ಕಂಡದ್ದು ಆಕಿಗೇ, ಬ್ಯಾಟರಿ ಬೆಳಕಿನಾಗ:
ಏ, ಇದಕ್ಕ ಬಾಯಿ ಅದಾವಲ್ಲೋ!
ಕೊಂಬಿ ತುಂಬ ರೋಮದಷ್ಟು ತೆಳು ಬೆರಳು,
ಬೆರಳಿನ ನಡುವ ಬಾಯಿ,
ಎಲ್ಲಾ ತೆರೆದಿದ್ವು.
ಇಷ್ಟ ಬಾಯಿಗೆ ಏನ ಹಾಕತಿ ನೀ?

ಮಂಗಳವಾರ ಸಣ್ಣ ಸೀಸೆದಾಗ ನೀರು ವಾರ್ಡಿಗೆ ಒಯ್ದೆ.
ಕುಡಿಲಿಕ್ಕಲ್ಲ, ಅಂದೆ.
ದಾವಲಸಾಬ ಮುಚ್ಚಳ ತಿರುವಿ ಮೂಗಿಗೆ ಹಿಡಿದ.
ನಿಮಿಷಕ್ಕ ಮುನ್ನೂರು ಮಿಲಿ
ಅವನ ರಕ್ತ ಹೊರಗ ಹೋಗಿ ಒಳಗ ಬರತಿತ್ತು.
ಭಾಳ ಹೊತ್ತಿನ ಮ್ಯಾಲೆ
ಸಮುದ್ರ ಖರೆ, ಅಂದ,
ಕಾರವಾರ ಅಲ್ಲ ಇದು.
ಡೀಸೆಲ್ ವಾಸನಿ ಇಲ್ಲ.